ಜೀಪಿಗೆ ವಿಂಚ್ ಕೂರಿಸಿದ ಮಳೆಗಾಲ

ನನಗೆ ಡ್ರೈವಿಂಗ್ ಬರುವುದಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಸ್ಟೀರಿಂಗ್ ಹಿಡಿದವಳಲ್ಲ. ಆದರೂ ವಡೋದರಾದ ಒಂದು ಸಣ್ಣ ಚಾರಿಟಿ ಟ್ರಸ್ಟಿನಲ್ಲಿ ಗಾಡಿಗಳ ಜವಾಬ್ದಾರಿ ನನ್ನದು. ಇನ್ಶೂರೆನ್ಸ್ ಆಫೀಸಿನ ಮೋಟಾರ್ ಕ್ಲೇಮ್ಸ್ ಟೇಬಲ್ಲಿನಲ್ಲಿ ಕೂತು ಬೇಕಾದಷ್ಟು ಸರ್ವೇ ರಿಪೋರ್ಟ್ ಓದಿದ್ದೇನೆ. ಹಾಗಾಗಿ ಗಾಡಿ ಹೇಗೆ ಓಡುತ್ತದೆ ಎನ್ನುವುದಕ್ಕಿಂತ ಹೇಗೆ ಕೈಕೊಡುತ್ತದೆ ಎನ್ನುವುದು ನನಗೆ ಗೊತ್ತು ಅಂತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಟ್ರಸ್ಟಿನ ಹಳೆಯ ಫೋರ್ ವೀಲ್ ಜೀಪು ವಾರಕ್ಕೆರಡು ದಿನ ಹೊರಡುತ್ತಿದ್ದದ್ದು ಒಬ್ಬಳಿಗಾಗಿ. ಮಹೀ ನದಿಯ ಪಕ್ಕದಲ್ಲಿ ಕೋತರ್ ಅಂತಾರಲ್ಲ, ಮಳೆನೀರು ಕೊರೆದು ಕೊರೆದು ಮಾಡಿದ ಆಳದ ಮಣ್ಣಿನ ಕೊರಕಲುಗಳು, ಅದರೊಳಗೆ ಒಂದು ಪುಟ್ಟ ಹಳ್ಳಿ. ಅಲ್ಲಿಯ ಅಂಗನವಾಡಿ ಟೀಚರ್‌ಗೆ ಎರಡೂ ಕಿಡ್ನಿ ಹೋಗಿದ್ದವು. ಮಂಗಳವಾರ, ಶುಕ್ರವಾರ ವಡೋದರಾಕ್ಕೆ ಕರೆತಂದು ಡಯಾಲಿಸಿಸ್ ಮಾಡಿಸಿ, ಸಂಜೆ ವಾಪಸ್ ಬಿಡಬೇಕು. ನಲವತ್ತು ದಾಟದ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ. ಒಬ್ಬ ತಮ್ಮ ಮಾತ್ರ, ಸೂರತ್‌ನ ವರಾಛಾದಲ್ಲಿ ವಜ್ರ ಪಾಲಿಶ್ ಮಾಡುವವನು. "ನನ್ನ ರೂಮಿಗೆ ಬಂದುಬಿಡು, ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ" ಅಂತ ಅವನು ಎರಡು ವರ್ಷದಿಂದ ಕರೆಯುತ್ತಿದ್ದ. ಅವಳು ಹೋಗುತ್ತಿರಲಿಲ್ಲ.

"ಇಲ್ಲಿ ನಾನು ಟೀಚರ್, ಮಾಸಿ," ಅಂದಿದ್ದಳು ನನಗೊಮ್ಮೆ. ಮಾಸಿ ಅಂದರೆ ಇಲ್ಲಿಯವರ ಬಾಯಲ್ಲಿ ಚಿಕ್ಕಮ್ಮ. "ಸೂರತ್‌ನಲ್ಲಿ ನಾನು ಪೇಶಂಟ್. ಅಷ್ಟೇ ಡಿಫರೆನ್ಸ್."

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಶುಕ್ರವಾರ ಜೀಪು ಹಳ್ಳಿಯಿಂದ ಮೇಲೆ ಬರುವ ಏರಿನಲ್ಲಿ ಸಿಕ್ಕಿಕೊಂಡಿತು. ಏರು ಉದ್ದವೇನಲ್ಲ, ಒಂದು ಕ್ರಿಕೆಟ್ ಪಿಚ್ಚಿನ ಅರ್ಧದಷ್ಟಿರಬಹುದು. ಆದರೆ ಹಳದಿ ಮಣ್ಣು ನೆನೆದರೆ ಸೋಪು. ನಾಲ್ಕೂ ಚಕ್ರ ತಿರುಗುತ್ತವೆ, ಗಾಡಿ ಕದಲುವುದಿಲ್ಲ. ಊರಿನವರು ಕಲ್ಲು, ಗೋಣಿಚೀಲ, ಬಾಗಿಲಿನ ಹಲಗೆ ಎಲ್ಲ ಹಾಕಿ ನೂಕಿ ಐದು ಗಂಟೆ ತಡವಾಗಿ ಅವಳು ಆಸ್ಪತ್ರೆ ಮುಟ್ಟಿದಳು. ಟೆಕ್ನೀಷಿಯನ್ ಒಬ್ಬ ಪುಣ್ಯಾತ್ಮ ಮಷೀನ್ ಬಿಟ್ಟುಕೊಟ್ಟ.

ತಮ್ಮನ ಫೋನ್ ಆಗಲೇ ಬಂದದ್ದು, ನನಗೇ. "ಬೆನ್," ಅಂದ, ಇಲ್ಲಿ ಹೆಂಗಸರನ್ನು ಹಾಗೇ ಕರೆಯುವುದು, ಅಕ್ಕ ಅನ್ನುವ ಹಾಗೆ. "ಈ ಸಲ ಬಿಟ್ಟೆ. ಇನ್ನೊಂದು ಸಲ ಹೀಗಾದರೆ ಅಕ್ಕನನ್ನು ನಾನು ಕರ್ಕೊಂಡು ಹೋಗ್ತೀನಿ. ಅವಳ ಮಾತೂ ಕೇಳಲ್ಲ, ನಿಮ್ಮ ಮಾತೂ ಕೇಳಲ್ಲ."

ನಾನು ಆಸ್ಪತ್ರೆಯಲ್ಲಿ ಅವಳ ಬೆಡ್ಡಿನ ಪಕ್ಕದಲ್ಲೇ ಕೂತಿದ್ದೆ, ಟೀಚರ್ ಕೇಳಿಸಿಕೊಂಡಳು. "ನಾಲ್ಕು ತಿಂಗಳು ದಾಟಿಸಿ ಮಾಸಿ. ದೀವಾಳಿಗೆ ನಾನೇ ಅವನ ಬಾಯಿ ಮುಚ್ಚಿಸ್ತೀನಿ," ಅಂದಳು.

ವಿಂಚ್ ಬೇಕು ಅಂತ ಹೇಳಿದವನು ನಮ್ಮ ಡ್ರೈವರ್. ಜೀಪಿನ ಮೂತಿಗೆ ಕೂರಿಸುವ ಮೋಟಾರು, ಅದರ ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗದ ಕೊಕ್ಕೆಯನ್ನು ಮೇಲಿನ ಮರಕ್ಕೆ ಹಾಕಿ ಸ್ವಿಚ್ ಒತ್ತಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ.

ಯಾವ ವಿಂಚ್ ಅಂತ ಕೇಳಲು ಅಹಮದಾಬಾದಿಗೆ ಹೋದೆ. ಅಲ್ಲಿಯ ಸ್ಯಾಟಲೈಟ್ ಅನ್ನುವ ಬಡಾವಣೆಯಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿದಿರುವ ದಾವಣಗೆರೆಯ ಎಂಜಿನಿಯರ್ ಒಬ್ಬ, ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದವನು. ವೀಕೆಂಡ್ ಬಂದರೆ ಜೀಪು ತಗೊಂಡು ಮರಳು, ಕೆಸರು ಅಂತ ಅಲೆಯುವ ಹುಚ್ಚು. ಸೋಫಾದ ಮೇಲಿನ ಬಟ್ಟೆ ರಾಶಿ ಸರಿಸಿ ನನ್ನನ್ನು ಕೂರಿಸಿದ.

"ಗಾಡಿ ತೂಕ ಎಷ್ಟೈತಿ ಆಂಟಿ?"

"ಮಂದಿ ಸೇರಿ ಎರಡು ಟನ್ ಹತ್ತಿರ."

"ಅದರ ಒಂದೂವರೆಪಟ್ಟು ಮಿನಿಮಮ್ ಅಂತ ಬುಕ್ಕಿನಾಗ ಬರ್ದಿರ್ತಾರ. ಅಂದ್ರ ಮೂರು ಟನ್. ಆದ್ರ ಕೆಸರು ಗಾಡೀನ್ನ ಹಿಡಕೊಂತೈತಿ, ಏರು ಬ್ಯಾರೆ. ನಾಲ್ಕೂಕಾಲು ಟನ್ ಎಳೆಯೋದು ತಗೊಳ್ರಿ. ಇನ್ನೊಂದು ಮಾತು, ಡಬ್ಬಿ ಮ್ಯಾಲಿನ ಆ ನಂಬರ್ ಡ್ರಮ್ಮಿನ ಒಳಗಿನ ಮೊದಲ ಸುತ್ತಿಗೆ ಅಷ್ಟೇ ಖರೆ. ಹೊರಗಿನ ಪದರಕ್ಕ ಬಂದಂಗ ಶಕ್ತಿ ಕಮ್ಮಿ ಆಕ್ಕೋಂತ ಹೋಗ್ತೈತಿ."

ಬರೆದುಕೊಂಡೆ. ಹಗ್ಗದ ವಿಷಯಕ್ಕೆ ಬಂದಾಗ ನಮ್ಮಿಬ್ಬರಿಗೆ ಸಣ್ಣ ಆರ್ಗ್ಯುಮೆಂಟ್ ಆಯಿತು. ಅವನು ಸಿಂಥೆಟಿಕ್ ಹಗ್ಗ ಅಂದ: ಹಗುರ, ತುಂಡಾದರೂ ಉಕ್ಕಿನ ಹಗ್ಗದ ಹಾಗೆ ಚಾಟಿಯಂತೆ ಬಂದು ಹೊಡೆಯುವುದಿಲ್ಲ. ನಾನು ಉಕ್ಕು ಅಂದೆ. ಕೋತರದ ಮಣ್ಣಿನಲ್ಲಿ ಮರಳಿದೆ, ಎಳೆಗಳ ನಡುವೆ ಸೇರಿ ಒಳಗಿಂದೊಳಗೆ ಕೊಯ್ಯುತ್ತದೆ. ಗುಜರಾತಿನ ಬಿಸಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಉಕ್ಕಿನ ಹಗ್ಗ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಕೊನೆಗೆ ಅವನು, "ಆತು, ಆದ್ರ ಎಳೆಯೋವಾಗ ಹಗ್ಗದ ಮ್ಯಾಲೆ ದಪ್ಪಂದೊಂದು ಕಂಬಳಿ ಹಾಕ್ರಿ. ತುಂಡಾದ್ರ ಅದು ನೆಲಕ್ಕ ಬೀಳ್ತೈತಿ," ಅಂದ. ನಮ್ಮವರು ಸೋಲಾಪುರದಿಂದ ತಂದಿದ್ದ ಚಾದರ್ ಕಪಾಟಿನಲ್ಲಿತ್ತು. ವಾಪಸ್ ಬಂದು ಅದನ್ನು ಡ್ರೈವರ್‌ಗೆ ಕೊಟ್ಟೆ.

ಕೂರಿಸಿದ್ದೂ ಅಹಮದಾಬಾದಿನಲ್ಲೇ, ಹೈವೇ ಬದಿಯ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿಯ ಮಿಸ್ತ್ರಿಗೆ ನನ್ನದೇ ವಯಸ್ಸು, ಒಂದು ಕಿವಿ ಮಂದ. ನಾನು ಸ್ಟೂಲ್ ಹಾಕಿಕೊಂಡು ಕೂತದ್ದು ಅವನಿಗೆ ಹಿಡಿಸಲಿಲ್ಲ.

ವಿಂಚನ್ನು ಬಂಪರಿಗೇ ಬೋಲ್ಟ್ ಮಾಡುತ್ತೇನೆ ಅಂದ. ಆಗಲ್ಲ ಅಂದೆ. ಬಂಪರು ತಗಡು. ಎರಡು ಟನ್ನಿನ ಗಾಡಿ ಕೆಸರಿನಿಂದ ಬರುವಾಗ ಬಂಪರು ಕಿತ್ತು ಮರದ ಕಡೆ ಹೋಗುತ್ತದೆ, ಗಾಡಿ ಕೆಳಗೇ ಉಳಿಯುತ್ತದೆ. ಆ ಥರದ ಫೋಟೋ ನನ್ನ ಫೈಲುಗಳಲ್ಲಿ ಬಂದಿತ್ತು.

"ಎಲ್ಲರೂ ಹೀಗೇ ಹಾಕಿಸ್ತಾರೆ ಬೆನ್. ಫೋಟೋ ತೆಗೆಸ್ಕೋತಾರೆ, ಹೋಗ್ತಾರೆ."

"ನಮಗೆ ಫೋಟೋ ಬೇಡ ಭಾಯ್."

ಬಂಪರು ಬಿಚ್ಚಿಸಿದೆ. ಗಾಡಿಯ ಮೈ ಹೊರುವ ಎರಡು ಉಕ್ಕಿನ ತೊಲೆಗಳ, ಅಂದರೆ ಚಾಸಿ ರೈಲುಗಳ ನಡುವೆ ಎಂಟು ಮಿಲಿಮೀಟರ್ ದಪ್ಪದ ಪ್ಲೇಟು, ಎರಡೂ ಬದಿಗೆ ಮಡಚಿದ ಕಿವಿ, ಆ ಕಿವಿಗಳಿಂದ ರೈಲಿಗೆ ಬೋಲ್ಟು. ಗ್ಯಾಸ್ ಕಟರಿನಿಂದ ತೂತು ಸುಡಲು ಬಿಡಲಿಲ್ಲ, ಡ್ರಿಲ್ಲೇ ಆಗಬೇಕು ಅಂದೆ. ಸುಟ್ಟ ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ. ಬೋಲ್ಟುಗಳನ್ನು ಒಂದೊಂದಾಗಿ ರೀಡಿಂಗ್ ಗ್ಲಾಸ್ ಹಾಕಿಕೊಂಡು ನೋಡಿದೆ. ತಲೆಯ ಮೇಲೆ ಗ್ರೇಡ್ ನಂಬರ್ ಇಲ್ಲದ ಆರನ್ನು ಪಕ್ಕಕ್ಕಿಟ್ಟೆ. ಮಿಸ್ತ್ರಿ ನಮ್ಮ ಡ್ರೈವರ್ ಕಡೆ ತಿರುಗಿ, "ಇವರು ಮನೇಲಿ ಅಕ್ಕಿ ಆರಿಸೋದೂ ಹೀಗೇನಾ?" ಅಂದ. ಡ್ರೈವರ್ ನಕ್ಕ. ನಾನೂ ನಕ್ಕೆ.

ಆಮೇಲೆ ವೈರಿಂಗ್. ಜೋರಾಗಿ ಎಳೆಯುವಾಗ ಮೋಟಾರು ನಾನೂರು ಆಂಪಿಯರ್ ತನಕ ಕುಡಿಯುತ್ತದೆ. ಹೆಬ್ಬೆರಳಿನಷ್ಟು ದಪ್ಪದ ಕೇಬಲ್, ಎರಡನೇ ಬ್ಯಾಟರಿ, ನಡುವೆ ಒಂದು ಕಟ್-ಆಫ್ ಸ್ವಿಚ್. ಮುಂದೆ ಭಾರ ಹೆಚ್ಚಾಗಿ ಮೂತಿ ತಗ್ಗಿತು, ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಸೇರಿಸಿದರು. ಮೂರು ದಿನ. ಕೊನೆಯ ಮಧ್ಯಾಹ್ನ ಮಿಸ್ತ್ರಿ ಹಗ್ಗವನ್ನು ಪೂರ್ತಿ ಬಿಚ್ಚಿ, ಕೊಕ್ಕೆಯನ್ನು ಕಬ್ಬಿಣದ ಕಂಬಕ್ಕೆ ಹಾಕಿ, ಡ್ರೈವರನನ್ನು ಬ್ರೇಕ್ ಮೇಲೆ ಕೂರಿಸಿ ಜೀಪನ್ನು ಎಳೆಸುತ್ತಾ ಹಗ್ಗ ಸುತ್ತಿಸಿದ. ನಾನು ಆಗ ಬಿಲ್ಲಿಗೆ ಸಹಿ ಹಾಕುತ್ತಾ ಒಳಗಿದ್ದೆ. ಹೊರಗೆ ಬಂದಾಗ ಕೆಲಸ ಮುಗಿದಿತ್ತು.

ಇಲ್ಲಿಂದ ಮುಂದಿನದು ನನ್ನದು.

ಮರುದಿನ ವಡೋದರಾದಲ್ಲಿ ನಮ್ಮ ಸೊಸೈಟಿಯ ಅಂಗಳದಲ್ಲಿ ಜೀಪನ್ನು ನೋಡಿದಾಗ ಹಗ್ಗದ ಸುತ್ತು ನನ್ನ ಕಣ್ಣಿಗೆ ಚುಚ್ಚಿತು. ಎಡಗಡೆ ಗುಡ್ಡೆ, ಬಲಗಡೆ ತಗ್ಗು, ಒಂದೆರಡು ಕಡೆ ಒಂದರ ಮೇಲೊಂದು ಅಡ್ಡ ಹಾಯ್ದಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಬಾಬಿನ್ನಿಗೆ ದಾರ ಸೊಟ್ಟ ಸುತ್ತಿದರೆ ಪೂರ್ತಿ ಬಿಚ್ಚಿಸಿ ಇನ್ನೊಮ್ಮೆ ಸುತ್ತಿಸುತ್ತಿದ್ದರು. ಅಂಥದ್ದು ಮೈಗೆ ಹತ್ತಿದರೆ ಬಿಡುವುದಿಲ್ಲ. ನೀಟಾಗಿಲ್ಲದ್ದು ಸರಿಯಾಗಿಲ್ಲ, ಅಷ್ಟೇ ನನ್ನ ಲೆಕ್ಕ.

"ಮಿಸ್ತ್ರಿ ಸುತ್ತಿದ್ದಾನೆ ಮೇಡಮ್, ಬಿಡಿ," ಅಂದ ಡ್ರೈವರ್.

"ಅವನಿಗೆ ಅರ್ಜೆಂಟ್ ಇತ್ತು. ನೋಡು ಹೇಗಿದೆ."

ಅವನು ರಿಮೋಟ್ ಒತ್ತಿದ, ನಾನು ಲೆದರ್ ಗ್ಲೌಸ್ ಹಾಕಿ ಹಗ್ಗವನ್ನು ಕೈಯಲ್ಲೇ ಹಿಡಿದು ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು ಕೂರಿಸಿದೆ. ಎರಡು ಗಂಟೆ ಹಿಡಿಯಿತು. ಮಾಲೆ ಕಟ್ಟಿದ ಹಾಗೆ ಬಂತು. ಮಂಗಳವಾರ ಟೀಚರ್ ನೋಡಿ, "ಇದೇನು ಮಾಸಿ, ಸೀರೆ ಅಂಗಡಿಯ ಜರಿ ರೀಲ್ ಥರ," ಅಂದಳು. ಬಹಳ ಸಂತೋಷವಾಯಿತು. ಫ್ರಾಂಕ್ಲಿ, ಆ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹೆಮ್ಮೆ ಇದ್ದದ್ದು ಅದರ ಮೇಲೆಯೇ.

ಜುಲೈ ಪೂರ್ತಿ ವಿಂಚ್ ಕೆಲಸ ಮಾಡಿತು. ಆದರೆ ಅವೆಲ್ಲ ಸಣ್ಣ ಎಳೆತ. ಚಕ್ರಗಳೂ ಅರ್ಧ ಕೆಲಸ ಮಾಡುತ್ತಿದ್ದವು. ಡ್ರೈವರ್ ಏರಿನ ಮೇಲಿನ ಬೇವಿನ ಮರಕ್ಕೆ ಅಗಲವಾದ ಬೆಲ್ಟ್ ಸುತ್ತುತ್ತಿದ್ದ, ತೊಗಟೆ ಕತ್ತರಿಸಬಾರದಲ್ಲ. ಚಾದರ್ ಹಾಕುತ್ತಿದ್ದ. ಐದು ನಿಮಿಷದ ಕೆಲಸ. ಕೊಕ್ಕೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದ, ನಾನು ಬೈದದ್ದಕ್ಕೆ ಸ್ಟೀರಿಂಗಿಗೆ ವರ್ಗಾಯಿಸಿದ್ದ.

ಆಗಸ್ಟ್‌ನ ಒಂದು ಶುಕ್ರವಾರ. ಎರಡು ದಿನದಿಂದ ಮಳೆ ನಿಂತಿರಲಿಲ್ಲ. ಆಸ್ಪತ್ರೆಯಲ್ಲಿ ಹತ್ತು ಗಂಟೆಯ ಮಷೀನು. ನಾನೂ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಟೀಚರನ್ನು ಹತ್ತಿಸಿಕೊಂಡು ಏರಿನ ಬುಡಕ್ಕೆ ಬಂದಾಗ ದಾರಿ ಅನ್ನುವುದೇ ಉಳಿದಿರಲಿಲ್ಲ, ಹಳದಿ ಕೆಸರು ನಿಧಾನವಾಗಿ ಕೆಳಗೆ ಹರಿಯುತ್ತಿತ್ತು. ಮಂಗಳವಾರದಿಂದ ಅವಳ ಮುಖ ಊದಿತ್ತು. ಪಾದಕ್ಕೆ ಚಪ್ಪಲಿ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದಳು.

ಡ್ರೈವರ್ ಹಗ್ಗವನ್ನು ಮರದ ತನಕ ಒಯ್ದ. ಡ್ರಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಎಂಜಿನ್ ಆನ್, ಸ್ವಿಚ್. ಜೀಪು ಕದಲಿತು. ಏರಿನ ನಡುವೆ ಚಕ್ರಗಳು ಕೆಸರಿನಲ್ಲಿ ಆಕ್ಸಲ್ ತನಕ ಇಳಿದವು, ಪೂರ್ತಿ ಭಾರ ಹಗ್ಗದ ಮೇಲೆ ಬಿತ್ತು. ಆಗ ಒಂದು ಸದ್ದು ಬಂತು. ತುಂಡಾದ ಸದ್ದಲ್ಲ. ಹಲ್ಲು ಕಡಿದ ಹಾಗೆ, ಒಂದು ಸಲ, ಎರಡು ಸಲ. ಬಿಗಿಯಾದ ಹಗ್ಗ ನನ್ನ ಆ ಅಂದದ ಸುತ್ತುಗಳನ್ನು ಸೀಳಿಕೊಂಡು ಕೆಳಗಿನ ಪದರಗಳ ನಡುವೆ ಇಳಿದುಬಿಟ್ಟಿತು. ಒಳಗೆ ಹೋದದ್ದು ಅಲ್ಲೇ ಕಚ್ಚಿಕೊಂಡಿತು. ಮೇಲಿನ ಸುತ್ತುಗಳು ಒಂದು ಬದಿಗೆ ರಾಶಿಬಿದ್ದು ಡ್ರಮ್ಮಿನ ಮೇಲಿನ ಪಟ್ಟಿಗೆ ಒತ್ತಿ ಮೋಟಾರು ನಿಂತುಹೋಯಿತು.

ಡ್ರೈವರ್ ಸ್ವಿಚ್ಚನ್ನು ಬಿಚ್ಚುವ ಕಡೆಗೆ ಒತ್ತಿದ. ಡ್ರಮ್ಮು ಹಿಂದಕ್ಕೆ ತಿರುಗಿತು, ಹಗ್ಗ ಮಾತ್ರ ಹೊರಗೆ ಬರುವ ಬದಲು ಉಲ್ಟಾ ಸುತ್ತಿಕೊಂಡು ಮತ್ತೆ ಒಳಕ್ಕೇ ಎಳೆಯಿತು. ಜೀಪು ಒಂದು ಗೇಣು ಮೇಲೆ ಜಗ್ಗಿ ಕೆಳಗೆ ಕೂತಿತು. ಒಳಗೆ ಟೀಚರ್ ಎರಡೂ ಕೈಯಿಂದ ಕಂಬಿ ಹಿಡಿದಿದ್ದಳು.

"ಮೇಡಮ್, ಇದು ಇನ್ನು ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ," ಅಂದ ಡ್ರೈವರ್.

ಅವಳನ್ನು ಇಳಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಗಂಟೆ ಸಲಾಕೆ ಹಾಕಿ ಹಗ್ಗ ಮೀಟಿದೆವು. ಬ್ಯಾಟರಿ ಇಳಿಯುತ್ತಾ ಬಂತು. ಎಂಟೂವರೆಗೆ ಅವಳು ಕಲ್ಲಿನ ಮೇಲೆ ಕೂತು ಬಾಯಲ್ಲಿ ಉಸಿರಾಡುತ್ತಿದ್ದಳು. ಡ್ರೈವರ್, "ಇನ್ನು ಹದಿನೈದು ನಿಮಿಷ ಕೊಡಿ, ಬಿಡಿಸ್ತೀನಿ," ಅಂದ. ನನಗೂ ಇನ್ನು ಹದಿನೈದು ನಿಮಿಷ ಕೊಡಬೇಕೆನಿಸುತ್ತಿತ್ತು. ಜೀಪು ಬಿಟ್ಟರೆ ತಮ್ಮನ ಮಾತು ನಿಜವಾಗುತ್ತದೆ, ಅದು ಮೂವರಿಗೂ ಗೊತ್ತಿತ್ತು. ಅವಳು ಬಾಯಿಬಿಟ್ಟು ಹೇಳಿದಳು ಕೂಡ: "ಮಾಸಿ, ಸ್ವಲ್ಪ ತಡೀರಿ. ಜೀಪಲ್ಲೇ ಹೋಗೋಣ."

ಅವಳ ತುಟಿ ನೋಡಿದೆ. ನೀಲಿ.

"ಜೀಪು ಬಿಡು. ಮಂಚ ತರಿಸು," ಅಂದೆ ಡ್ರೈವರ್‌ಗೆ.

ನಾಲ್ವರು ಗಂಡಸರು ಹಗ್ಗದ ಮಂಚದಲ್ಲಿ ಅವಳನ್ನು ಹೊತ್ತರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕೂತೇ ಹೋದಳು, ಮಳೆಯಲ್ಲಿ, ತಲೆಯ ಮೇಲೆ ನನ್ನ ಕೊಡೆ. "ಮದುವೆಯಲ್ಲೂ ಇಷ್ಟು ಜನ ಹೊತ್ತಿರಲಿಲ್ಲ," ಅಂದಳು ಒಮ್ಮೆ. ಆಮೇಲೆ ಮಾತಾಡಲಿಲ್ಲ. ಡಾಂಬರು ರಸ್ತೆ ತನಕ ನಡೆದು, ಅಲ್ಲಿಂದ ಒಂದು ಮೂರು ಚಕ್ರದ ಛಕಡೋ ಹಿಡಿದು, ಆಮೇಲೆ ಆಂಬ್ಯುಲೆನ್ಸ್ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ಎರಡು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ನಾಲ್ಕು ದಿನ ಐಸಿಯು. ತಮ್ಮ ಸಂಜೆಯ ಟ್ರೈನಿಗೆ ಬಂದ. ಐದನೇ ದಿನ ಅವಳನ್ನು ಸೂರತ್‌ಗೆ ಕರೆದುಕೊಂಡು ಹೋದ.

ಟ್ರಸ್ಟಿನಲ್ಲಿ ಎಲ್ಲರ ತೀರ್ಮಾನ ಒಂದೇ: ಹಗ್ಗ ಕೆಟ್ಟ ಮಾಲು, ಮಿಸ್ತ್ರಿ ಮೋಸ ಮಾಡಿದ್ದಾನೆ. ಮಿಸ್ತ್ರಿ ತಾನೇ ಅಹಮದಾಬಾದಿನಿಂದ ಬಂದ. ಮಳೆ ಬಿಟ್ಟ ಮೇಲೆ ಊರಿನವರು ನೂಕಿ ಮೇಲೆ ತಂದಿದ್ದ ಜೀಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಡ್ರಮ್ಮು ನೋಡಿದ. ಸಿಕ್ಕಿಕೊಳ್ಳದ ಬದಿಯಲ್ಲಿ ನನ್ನ ನಾಲ್ಕಾರು ಸುತ್ತು ಇನ್ನೂ ಹಾಗೇ ಇದ್ದವು. ಅವುಗಳ ಕೆಳಗೆ ಬೆರಳು ತೂರಿಸಿ ಎತ್ತಿದ. ಸಡಿಲವಾಗಿ ಎದ್ದವು.

"ಬೆನ್, ಇದು ನನ್ನ ಕೈ ಅಲ್ಲ," ಅಂದ.

ಡ್ರೈವರ್ ನೆಲ ನೋಡುತ್ತಿದ್ದ.

"ನಾನು ಗಾಡಿಯ ಭಾರ ಕೊಟ್ಟು ಸುತ್ತಿದ್ದೆ. ಸೊಟ್ಟ ಇರಬಹುದು, ಆದರೆ ಉಗುರು ಹೋಗ್ತಿರಲಿಲ್ಲ. ಭಾರ ಇಲ್ಲದೆ ಸುತ್ತಿದರೆ ಒಳಗೆ ಪೊಳ್ಳು. ಜೋರಾಗಿ ಎಳೆದ ದಿನ ಮೇಲಿನದು ಕೆಳಗಿನದರಲ್ಲಿ ಹೂತುಹೋಗುತ್ತದೆ. ಯಾರು ಬಿಚ್ಚಿದ್ದು?"

"ನಾನು."

"ಯಾಕೆ?"

"ನೀಟಾಗಿರಲಿಲ್ಲ."

ಅವನು ಬಯ್ಯಬಹುದಿತ್ತು. ಬದಲು ಮಂದ ಕಿವಿಯನ್ನು ನನ್ನ ಕಡೆ ತಿರುಗಿಸಿ, "ಏನಂದಿರಿ?" ಅಂದ. ನಾನು ಇನ್ನೊಮ್ಮೆ ಹೇಳಬೇಕಾಯಿತು, ಜೋರಾಗಿ.

ಟ್ರಸ್ಟಿನ ಮೀಟಿಂಗಿನಲ್ಲಿಯೂ ಹೇಳಿದೆ. ಚಹಾ ಬಂತು. ಹೊಸ ಹಗ್ಗ ತರಿಸಿ, ಊರ ಹೊರಗಿನ ಒಂದು ಸಣ್ಣ ಏರಿನಲ್ಲಿ ಮಿಸ್ತ್ರಿಯೇ ನಿಂತು, ಡ್ರೈವರ್ ಬ್ರೇಕನ್ನು ಅರ್ಧ ಒತ್ತಿ ಹಿಡಿದಿರುವಾಗ ಸುತ್ತಿಸಿದ. ಈ ಸಲವೂ ಎಡಗಡೆ ಗುಡ್ಡೆ ಬಂತು. ನಾನು ದೂರ ನಿಂತಿದ್ದೆ.

ಸೆಪ್ಟೆಂಬರ್‌ನಲ್ಲಿ ಸೂರತ್‌ಗೆ ಹೋದೆ. ವರಾಛಾದಲ್ಲಿ ಮೂರನೇ ಮಹಡಿ, ಒಂದೇ ರೂಮು, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಕೆಳಗಿನ ಮಹಡಿಯಲ್ಲಿ ವಜ್ರ ಉಜ್ಜುವ ಚಕ್ರಗಳ ಗುಂಯ್ ಅನ್ನುವ ಸದ್ದು ನೆಲದಿಂದ ಕಾಲಿಗೆ ಬರುತ್ತಿತ್ತು. ಟೀಚರ್ ಗೋಡೆಗೊರಗಿ ಕೂತು ಗೋರಿಕಾಯಿ ಸೋಸುತ್ತಿದ್ದಳು. ತೆಳ್ಳಗಾಗಿದ್ದಳು, ಊತ ಇರಲಿಲ್ಲ. ನೋಡಲು ಆರೋಗ್ಯವಾಗಿಯೇ ಇದ್ದಳು.

ತಮ್ಮ ಕಪಾಟಿನಿಂದ ಒಂದು ತುಂಡು ತಂದು ನನ್ನ ಮುಂದಿಟ್ಟ. ಹಳೆಯ ಹಗ್ಗದ್ದು. ಡ್ರೈವರನಿಂದ ಕೇಳಿ ತಂದಿದ್ದನಂತೆ. ವಜ್ರ ನೋಡುವ ಸಣ್ಣ ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು, "ನೋಡಿ ಬೆನ್, ತಂತಿಗಳು ಒಂದು ಬದಿಗೆ ಚಪ್ಪಟೆಯಾಗಿವೆ. ಮೆತ್ತಗಿನ ಲೋಹ. ನಿಮಗೆ ಮಾರಿದವನು ಕಳ್ಳ," ಅಂದ.

ಅವನು ಕಂಡದ್ದು ಸರಿಯಾಗಿತ್ತು, ಅರ್ಥ ಮಾತ್ರ ತಪ್ಪಿತ್ತು. ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಲೋಹ ಚೆನ್ನಾಗಿತ್ತು," ಅಂದೆ. "ಸುತ್ತಿದ್ದು ನಾನು. ಮಿಸ್ತ್ರಿ ಬಿಗಿಯಾಗಿ ಸುತ್ತಿದ್ದನ್ನು ಬಿಚ್ಚಿ, ಚೆಂದ ಕಾಣಲಿ ಅಂತ ಕೈಯಲ್ಲಿ ಸಡಿಲವಾಗಿ ಸುತ್ತಿದೆ. ಅದಕ್ಕೇ ಸಿಕ್ಕಿಕೊಂಡದ್ದು."

ತಮ್ಮ ಕನ್ನಡಿ ಇಳಿಸಿದ. ಟೀಚರ್ ಕೈಯಲ್ಲಿದ್ದ ಕಾಯಿ ಮುರಿಯಲಿಲ್ಲ.

"ಜರಿ ರೀಲ್," ಅಂದಳು. "ನಾನೂ ಹೊಗಳಿದ್ದೆ."

"ನೀನು ಹೊಗಳಿದ್ದಕ್ಕೇನೂ ಆಗಲಿಲ್ಲ."

"ಅಂದ್ರೆ ಗಾಡಿ ಸರಿ ಇತ್ತು. ದಾರಿನೂ ಹತ್ತುತ್ತಿತ್ತು."

"ಹತ್ತುತ್ತಿತ್ತು."

"ಈಗ ಸರಿಯಾಗಿ ಸುತ್ತಿದೆಯಾ?"

"ಮಿಸ್ತ್ರಿಯೇ ಸುತ್ತಿದ್ದಾನೆ. ನಾನು ಮುಟ್ಟಿಲ್ಲ."

ಅವಳು ತಮ್ಮನ ಕಡೆ ತಿರುಗಿದಳು. "ಕೇಳಿದೆಯಾ? ಇದು ದಾರಿಯ ತಪ್ಪಲ್ಲ. ಒಂದು ತಪ್ಪು ಆಗಿತ್ತು, ಸರಿಯಾಯಿತು. ನನ್ನನ್ನು ಕಳಿಸು. ಅಂಗನವಾಡಿಗೆ ಇನ್ನೂ ಬೇರೆಯವರನ್ನು ಹಾಕಿಲ್ಲ."

ತಮ್ಮ ನನ್ನ ಕಡೆ ತಿರುಗಿದ. ನನ್ನನ್ನೇ ಕೇಳಿದ, ಗಲಾಟೆ ಮಾಡದೆ, ಗಿರಾಕಿ ಕಲ್ಲಿನ ಬಗ್ಗೆ ಕೇಳುವ ಹಾಗೆ. "ಬೆನ್, ನೀವು ಗ್ಯಾರಂಟಿ ಕೊಡ್ತೀರಾ? ಇನ್ನೊಂದು ಸಲ ಹೀಗಾಗಲ್ಲ ಅಂತ. ನೀವು ಹೂಂ ಅಂದರೆ ನಾಳೆ ಬೆಳಿಗ್ಗೆ ನಾನೇ ಟ್ರೈನ್ ಹತ್ತಿಸ್ತೀನಿ."

ಅವಳು ನನ್ನನ್ನೇ ನೋಡುತ್ತಿದ್ದಳು. ಪ್ಲೇಟು, ಬೋಲ್ಟು, ಕೇಬಲ್, ಬ್ಯಾಟರಿ ಎಲ್ಲವನ್ನೂ ತಲೆಯಲ್ಲಿ ಒಂದೊಂದಾಗಿ ಮುಟ್ಟಿನೋಡಿದೆ. ಎಲ್ಲ ಸರಿಯಾಗಿತ್ತು. ಆ ದಿನ ಬೆಳಿಗ್ಗೆಯೂ ಎಲ್ಲ ಸರಿಯಾಗಿದೆ ಎಂದೇ ನಾನು ಹೊರಟಿದ್ದೆ. ಆ ನೀಲಿ ತುಟಿ ಕಣ್ಣ ಮುಂದೆ ಬಂತು.

"ಆಗಲ್ಲಪ್ಪ," ಅಂದೆ. "ಗ್ಯಾರಂಟಿ ಕೊಡೋಕೆ ನನ್ನಿಂದ ಆಗಲ್ಲ."

ಟೀಚರ್ ಕೆಳಗೆ ನೋಡಿ ಕಾಯಿಯ ನಾರು ತೆಗೆಯತೊಡಗಿದಳು. ಒಂದೊಂದನ್ನೂ ಎರಡೂ ತುದಿ ಮುರಿದು, ನಾರೆಳೆದು, ತಟ್ಟೆಗೆ ಹಾಕಿದಳು. ತಟ್ಟೆ ತುಂಬಿದ ಮೇಲೆ, "ಚಹಾ ಕುಡಿದು ಹೋಗಿ. ಟ್ರೈನ್ ಎಷ್ಟಕ್ಕೆ?" ಅಂದಳು. ಮಾಸಿ ಅನ್ನಲಿಲ್ಲ.

ಹಳ್ಳಿಯ ಮಕ್ಕಳ ಲಸಿಕೆ, ಬಿಪಿ ಮಾತ್ರೆ ಅಂತ ಜೀಪು ಮಳೆ ಮುಗಿಯುವ ತನಕ ವಾರಕ್ಕೊಮ್ಮೆ ಆ ಏರನ್ನು ಇಳಿದು ಹತ್ತಿತು. ಎರಡು ಸಲ ಆಗಸ್ಟ್‌ಗಿಂತ ಕೆಟ್ಟ ಕೆಸರಿತ್ತು. ಆಕ್ಸಲ್ ಮುಳುಗಿ ಪೂರ್ತಿ ಭಾರ ಹಗ್ಗದ ಮೇಲೆ ಬಿತ್ತು. ವಿಂಚ್ ಕೈಕೊಡಲಿಲ್ಲ. ಒಂದು ಸಲವೂ.